ಹಳ್ಳ ಇಲ್ಲದಾಗ ಅಳೆದದ್ದು

ಸೆಪ್ಟೆಂಬರ್ 5
ಪಂಚಾಯಿತಿಗೆ ಹೊಸ ಘಟಕವೊಂದರ ಪರಿಸರ ಪರಿಣಾಮ ವರದಿ ಬಂತು. ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯ ತಂದು ಸುಡುವ, ಸುಡಲಾಗದ್ದನ್ನು ಹೂಳುವ ಘಟಕ. ಜಾಗ ನಮ್ಮ ಗೋಮಾಳದ ಪಕ್ಕ. "ಗ್ರಂಥಾಲಯದಲ್ಲೇ ಇರಲಿ ಮೇಡಂ, ಓದೋರು ಅಲ್ಲಿಗೇ ಬರ್ತಾರೆ" ಅಂತ ಪಿಡಿಒ ಕಳಿಸಿದರು. ಇದರ ಮೇಲೆ ಊರವರ ಅಹವಾಲು ಸಭೆ ಆಗಬೇಕು. ಅದಕ್ಕೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ. ಇಂಗ್ಲಿಷ್ ಸಂಪುಟ ದಪ್ಪ, ಕನ್ನಡ ಸಾರಾಂಶ ತೆಳು. ಸಂಜೆವರೆಗೆ ಒಬ್ಬರೇ ಬಂದದ್ದು, ಅದೂ ಪಿಂಚಣಿ ಅರ್ಜಿ ಕೇಳಲು.

ಸೆಪ್ಟೆಂಬರ್ 12
ಕಸ ಸುಡುವ ಕುಲುಮೆಯ ಅಧ್ಯಾಯ ಓದಿದೆ. ಎರಡನೇ ಕೋಣೆಯಲ್ಲಿ 1100 ಡಿಗ್ರಿ ಶಾಖ. ಹೊಗೆ ಅಲ್ಲಿ 2 ಸೆಕೆಂಡಾದರೂ ನಿಲ್ಲಬೇಕು. ಆಮೇಲೆ ಥಟ್ಟನೆ ತಣಿಸಬೇಕು, ನಿಧಾನಕ್ಕೆ ತಣಿದರೆ ಡಯಾಕ್ಸಿನ್ ಮತ್ತೆ ಕಟ್ಟಿಕೊಳ್ಳುತ್ತದೆ. ಹೂಳುವ ಹೊಂಡದ ತಳಕ್ಕೆ ಜೇಡಿ, ಅದರ ಮೇಲೆ ಎಚ್‌ಡಿಪಿಇ ಹಾಳೆ. ಇಂಥ ಎರಡು ಪದರ. ಬರೆದವರು ಕೆಲಸ ಬಲ್ಲವರೇ. ಅವರಿಗೆ ದುಡ್ಡು ಕೊಡುವುದು ಘಟಕ ಕಟ್ಟುವ ಕಂಪನಿ. ಕಾನೂನೇ ಒಪ್ಪಿದ ಏರ್ಪಾಡು ಅದು. ಘಟಕವೇ ಬೇಡ ಅನ್ನಲು ನನಗೆ ಬಾಯಿ ಬಾರದು. ಬೇಡ ಎಂದರೆ ಈ ಕಸವೇನೂ ಕರಗುವುದಿಲ್ಲ, ರಾತ್ರಿ ಹೊತ್ತು ಟ್ಯಾಂಕರಿನಲ್ಲಿ ಬಂದು ಯಾವುದೋ ಪಾಳು ಕ್ವಾರಿಗೆ ಬೀಳುತ್ತದೆ.

ಸೆಪ್ಟೆಂಬರ್ 23
ಉತ್ತರೆ ಮಳೆ ರಾತ್ರಿಯಿಡೀ ಹುಯ್ದು ಹಳ್ಳ ಬಂದಿದೆ. ವರದಿಯ ಮೂರನೇ ಅಧ್ಯಾಯ ತೆಗೆದೆ. ಗಾಳಿ, ನೀರು, ಮಣ್ಣು ಎಲ್ಲ ಅಳೆದದ್ದು ಜನವರಿಯಿಂದ ಮಾರ್ಚ್. ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು ಎಂಬುದೇ ರೂಢಿಯ ಷರತ್ತು. ಗಾಳಿಗೆ ಅದು ಸರಿ, ಮಳೆಯಲ್ಲಿ ಧೂಳೆಲ್ಲ ಇಳಿದುಹೋಗಿ ಅಳತೆ ಕಡಿಮೆ ಬರುತ್ತದೆ. ನೀರಿಗೆ? ನಮ್ಮ ಹಳ್ಳ ನಕ್ಷೆಯಲ್ಲಿ ಒಣ ತೊರೆ. ಮಾರ್ಚಿನಲ್ಲಿ ಒಣಗಿಯೇ ಇರುತ್ತದೆ, ಸುಳ್ಳಲ್ಲ. ಆದರೆ ಹೊಂಡ ಸೋರಿದರೆ ಅದನ್ನು ಕೆರೆಗೆ ಹೊತ್ತೊಯ್ಯುವುದು ಸೆಪ್ಟೆಂಬರಿನ ಹಳ್ಳ. ಕೆರೆಯಿಂದ ಅದು ಅಚ್ಚುಕಟ್ಟಿನ ಕೊಳವೆಬಾವಿಗಳಿಗೆ ಇಳಿಯುತ್ತದೆ. ಸೇತುವೆ ಮೇಲೆ ನಿಂತು ಫೋಟೊ ತೆಗೆದೆ, ತಾರೀಕು ಬೀಳುವ ಹಾಗೆ.

ಅಕ್ಟೋಬರ್ 8
ಸಭೆ. ಶಾಮಿಯಾನ, ವಿಡಿಯೊ, ಬಾಟಲಿ ನೀರು. ಅಪರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಮೊದಲ ಗಂಟೆಯೆಲ್ಲ ಕೆಲಸ ಎಷ್ಟು ಜನಕ್ಕೆ ಎಂಬುದರಲ್ಲೇ ಹೋಯಿತು. ಕೇಳಿದ ಹುಡುಗರನ್ನು ಬೈಯಲಾರೆ. ಹಳ್ಳದ ದಂಡೆಯ ತೋಟದ ತಾತ ಎದ್ದು, "ಸ್ವಾಮಿ, ನೀವು ಅಳೆಯಾಕೆ ಬಂದಾಗ ಹಳ್ಳ ಊರಲ್ಲಿರಲಿಲ್ಲ" ಅಂದರು. ಜನ ನಕ್ಕರು. ವರದಿ ಬರೆದ ಕನ್ಸಲ್ಟೆಂಟ್ ನಗಲಿಲ್ಲ, ಒಂದು ಋತು ಸಾಕೆಂಬ ಷರತ್ತು ಓದಿ ಕುಳಿತರು. ಮಳೆಗಾಲದ ಒಂದು ಅಳತೆ ಬೇಕು, ಕೆಳಗಿನ ಕೊಳವೆಬಾವಿಗಳ ನೀರು ಈಗಲೇ ಪರೀಕ್ಷೆಯಾಗಬೇಕು, ಇಲ್ಲದಿದ್ದರೆ ನಾಳೆ ಕೆಟ್ಟರೆ ಮೊದಲೇ ಕೆಟ್ಟಿತ್ತು ಅನ್ನುತ್ತಾರೆ. ಇದಿಷ್ಟನ್ನು ಬರೆದು, ಫೋಟೊ ಲಗತ್ತಿಸಿ ಕೊಟ್ಟೆ. ನನ್ನ ಪ್ರತಿಗೆ ಮೊಹರು ಹಾಕಿಸಿಕೊಂಡೆ.

ಅಕ್ಟೋಬರ್ 17
ನಡಾವಳಿಯನ್ನು ಪಂಚಾಯಿತಿ ಫಲಕಕ್ಕೆ ಅಂಟಿಸಿದ್ದಾರೆ. ತಾತನ ಮಾತು "ಹಳ್ಳದ ಕುರಿತು ಆಕ್ಷೇಪಣೆ" ಎಂದಾಗಿದೆ. ಕಂಪನಿಯ ಉತ್ತರ "ಗಮನಿಸಲಾಗಿದೆ". ಕುಲುಮೆಯೂ ಇರುವುದರಿಂದ ಇದು 'ಎ' ವರ್ಗ. ಕಡತ ಬೆಂಗಳೂರಿನಲ್ಲಿ ನಿಲ್ಲದೆ ದಿಲ್ಲಿಯ ತಜ್ಞರ ಸಮಿತಿಗೆ ಹೋಗುತ್ತದೆ. ಹೆಚ್ಚಿನ ಅಧ್ಯಯನ ಬೇಕೆಂದು ಅವರು ಕೇಳಬಹುದು. ಫೋಟೊಗಳ ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ನೇರ ಅಲ್ಲಿಗೇ. ಚಿತ್ತೆ ಮಳೆ ಇನ್ನೂ ಮುಗಿದಿಲ್ಲ. ಕೆರೆ ಕೋಡಿ ಬಿದ್ದರೆ ಅದರದ್ದೂ ಸೇರಿಸಿ ಸೋಮವಾರ ಕಳಿಸಬೇಕು.