ಗಡಂಗಿನ ಕುಲಗೋತ್ರ

ಮನೆಯೊಳಗೆ ಉಚ್ಚರಿಸಬಾರದೆಂದು ಹಿರಿಯರು ಕಟ್ಟು ಮಾಡಿದ್ದ ಮಾತುಗಳಲ್ಲಿ 'ಗಡಂಗು' ಒಂದು. ಹೆಂಡ, ಸಾರಾಯಿಗಳನ್ನು ಮಾರುವ ಅಂಗಡಿಗೆ ಇದ್ದ ಹೆಸರು ಅದು. ಮಲೆನಾಡಿನವರು 'ಕಳ್ಳಂಗಡಿ' ಎಂದೂ ಅನ್ನುತ್ತಿದ್ದರು. ಕಳ್ಳು ಎಂಬುದಕ್ಕೆ ಅಂಗಡಿ ಸೇರಿದರೆ ಕಳ್ಳಂಗಡಿ. ಕಳ್ಳ ಎಂಬುದಕ್ಕೆ ಸೇರಿದರೂ ಕಳ್ಳಂಗಡಿಯೇ. ಸಂಧಿ ಬಿಡಿಸುವ ಹುಡುಗನು ಎರಡನೆಯದನ್ನು ಬರೆದರೆ ಅವನ ಅಂಕ ಕಳೆಯಲು ಎಷ್ಟೋ ತಾಯಂದಿರು ಒಪ್ಪಲಾರರು!

ಗಡಂಗಿನ ಮೂಲ ಇಷ್ಟು ಸುಲಭವಲ್ಲ. ತಮಿಳಿನಲ್ಲಿ ಉಗ್ರಾಣಕ್ಕೆ 'ಕಿಡಂಗು' ಎಂಬ ಹೆಸರುಂಟು. ಸರಕು ಬಿದ್ದಿರುವ ಎಡೆ ಎಂದು ಭಾವ. ಕನ್ನಡದ 'ಕೆಡೆ' ಎಂಬ ಧಾತು ಅದರ ಬಂಧು. ಈ ಮಾತೇ ಕಡಲು ದಾಟಿ ಮಲಯದವರಲ್ಲಿ 'ಗುದಂಗ್' ಆಗಿ, ಆಂಗ್ಲರ ಬಾಯಲ್ಲಿ 'ಗೋಡೌನ್' ಆಗಿ ಮರಳಿತೆಂದು ವಿದ್ವಾಂಸರ ಎಣಿಕೆ. ಗಡಂಗೂ ಅದೇ ವಂಶದ್ದೆಂದು ಊಹಿಸಿದರೆ ತಪ್ಪೇನು? ಹಾಗಾದರೆ ಶಿವಮೊಗ್ಗದ ಮಂಡಿಯಲ್ಲಿ ಅಡಕೆಯ ಮೂಟೆಗಳನ್ನು ಕಾಯುವ ಗೋಡೌನಿಗೂ ಗಡಂಗಿಗೂ ದಾಯಾದಿ ಸಂಬಂಧ. ಒಂದರೊಳಗೆ ಸರಕು ಬಿದ್ದಿರುತ್ತದೆ. ಇನ್ನೊಂದರ ಮುಂದೆ, ಸರಕು ಕೊಂಡವನು.

ಪಾನಗೃಹದ ಹೆಸರಿಗೆ ಎಲ್ಲೆಡೆಯೂ ಈ ಗತಿ ಒದಗಿತೆಂದಲ್ಲ. ಅಮೆರಿಕದಲ್ಲಿ ಹಾಡು ಕುಣಿತಗಳಿದ್ದ ಅಗ್ಗದ ಪಾನಗೃಹಕ್ಕೆ 'ಹಾಂಕಿ ಟಾಂಕ್' ಎಂದರು. 1889ರಲ್ಲೇ ಟೆಕ್ಸಾಸಿನ ಪತ್ರಿಕೆಯಲ್ಲಿ ಅಚ್ಚಾಗಿದ್ದ ಆ ಗ್ರಾಮ್ಯ ಶಬ್ದ, ಮುಂದೆ ಅಲ್ಲಿನ ಹಳ್ಳಿಗಾಡಿನ ಸಂಗೀತದ ಒಂದು ಬಗೆಗೇ ಹೆಸರಾಯಿತು. ಗಡಂಗಿಗೆ ಆ ಭಾಗ್ಯವಿಲ್ಲ. ಹೆಂಡದ ಹಾಡು ಹಾಡಲು ಜಿ.ಪಿ. ರಾಜರತ್ನಂ ಅವರ ರತ್ನನೇ ಬರಬೇಕಾಯಿತು. ಮೈಸೂರು ಅನಂತಸ್ವಾಮಿಯವರ ಕಂಠದಿಂದ ಆ ಪದಗಳು, ಗಡಂಗಿನ ಹೊಸ್ತಿಲು ಕಾಣದ ಮನೆಗಳಿಗೂ ಬಂದವು. ಕೇಳಿದವರು ನಕ್ಕು ನಲಿದರು.

ನಗಲಾರದವರೂ ಇದ್ದರು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದ ಮೇಲೆ ಹಲವು ಊರುಗಳ ಜನ ಬಂದು ನೆಲಸಿದರು. ಸಂಬಳದ ದಿನ ಕತ್ತಲಾದರೂ ಗಂಡ ಬಾರದಿದ್ದರೆ, ಬಾಗಿಲಲ್ಲಿ ನಿಂತ ಹೆಂಗಸಿಗೆ ನೆರೆಯಾಕೆಯ ಪ್ರಶ್ನೆ:

"ಯಜಮಾನ್ರು ಬಂದ್ರಾ ಅಕ್ಕಾ?"

"ಇಲ್ಲ ಕಣಮ್ಮ, ಅಲ್ಲಿಗೆ ಹೋಗಿರ್ಬೇಕು."

ಆ 'ಅಲ್ಲಿ'ಗೆ ವಿಳಾಸ ಬೇಕಿರಲಿಲ್ಲ. ದಿನಸಿ ಅಂಗಡಿಯ ಬಾಕಿ, ಮಗುವಿನ ಶಾಲೆಯ ಪುಸ್ತಕ, ಎಲ್ಲವೂ ಆ ಎರಡಕ್ಷರದಲ್ಲಿ ಅಡಗಿದ್ದವು. ಗಡಂಗು ಎಂಬ ಪೂರ್ತಿ ಹೆಸರನ್ನು ಆಕೆಯ ನಾಲಗೆ ಆಡುತ್ತಿರಲಿಲ್ಲ.

2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧ. ಅದರ ಗಡಂಗುಗಳು ಮುಚ್ಚಿದವು. ಈಗಿನ ಫಲಕಗಳಲ್ಲಿ 'ಬಾರ್ ಅಂಡ್ ರೆಸ್ಟೋರೆಂಟ್' ಎಂದಿರುತ್ತದೆ. ಶಾಲೆಯ ಮಕ್ಕಳೂ ಬಸ್ಸಿನ ಕಿಟಕಿಯಿಂದ ಗಟ್ಟಿಯಾಗಿ ಓದುತ್ತಾರೆ. ಒಳಗೆ ದೊರೆಯುವ ಸರಕಿಗೋ ತರುಣರು 'ಎಣ್ಣೆ' ಎಂದು ಹೆಸರಿಟ್ಟು, ಅಡಿಗೆಮನೆಯ ಮಾತೊಂದನ್ನೂ ಹೊತ್ತೊಯ್ದಿದ್ದಾರೆ. ಮಗನನ್ನು ಅಂಗಡಿಗೆ ಕಳಿಸುವ ತಾಯಿ ಕೊಬ್ಬರಿ ಎಣ್ಣೆಯೋ ಕಡಲೆಕಾಯಿ ಎಣ್ಣೆಯೋ ಎಂದು ಬಿಡಿಸಿ ಹೇಳಬೇಕಾಗಿದೆ.