ಹಿಂದೆ ಬರುವ ಗಾಡಿ

ಕೋಲಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿನ್ನ. ಆ ಗಣಿಗಳು 2001ರಲ್ಲಿಯೇ ಮುಚ್ಚಿಹೋದವು. ಇಂದು ಈ ಸೀಮೆಯ ಬಾಳು ಸಾಗುತ್ತಿರುವುದು ನೆಲದ ಮೇಲಣ ಸರಕಿನಿಂದ. ಮಾಲೂರಿನ ಇಟ್ಟಿಗೆ, ಹೆಂಚು, ಕೋಲಾರದ ಟೊಮ್ಯಾಟೊ, ಶ್ರೀನಿವಾಸಪುರದ ಮಾವು. ಇವುಗಳಲ್ಲಿ ಬಹುಪಾಲನ್ನು ತೋಟದಿಂದಲೂ ಗೂಡಿನಿಂದಲೂ ರಸ್ತೆಗೆ ತಂದು ಮುಟ್ಟಿಸುವುದು ಟ್ರಾಕ್ಟರಿನ ಬೆನ್ನಿಗೆ ಬಿದ್ದು ಬರುವ ಟ್ರೇಲರು. ಅದಕ್ಕೆ ತನ್ನದೆಂಬ ಎಂಜಿನ್ ಇಲ್ಲ, ತನ್ನದೆಂಬ ದಾರಿಯಿಲ್ಲ, ಎಳೆದತ್ತ ಬರಬೇಕು. ಕೋಲಾರಮ್ಮನ ಗುಡಿ, ಅಂತರಗಂಗೆ, ಕುರುಡುಮಲೆಯ ಗಣಪತಿ ಇವುಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಟ್ರೇಲರನ್ನು ಕುರಿತು ಬರೆದವರನ್ನು ನಾನು ಕಾಣೆ. ಕಾಲೇಜಿನ ಬೇಸಗೆಯ ರಜೆಯಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತುವ ಅವಕಾಶ ದೊರೆತಾಗ, ಈ ಬಾರಿ ಗುಡಿಗಳನ್ನು ಬಿಟ್ಟು ಅದನ್ನೇ ನೋಡುತ್ತ ಹೋಗುವುದೆಂದು ನಿಶ್ಚಯಿಸಿದೆ.

ಮೊದಲು ಹೋದದ್ದು ಮಾಲೂರಿಗೆ. ಕನ್ನಡಿಗರಿಗೆ ಇದು ಮಾಸ್ತಿಯವರ ತಾಲ್ಲೂಕು; ಮನೆ ಕಟ್ಟುವವರಿಗೆ ಇಟ್ಟಿಗೆಯ ತಾಲ್ಲೂಕು. ರಸ್ತೆಯ ಬದಿಯ ಒಂದು ಕಮ್ಮಟದಲ್ಲಿ ಹಳೆಯ ಟ್ರೇಲರೊಂದಕ್ಕೆ ಹೊಸ ತಳ ಹಾಕುತ್ತಿದ್ದರು. ಅದರ ಯಜಮಾನರು ಎಪ್ಪತ್ತು ದಾಟಿದವರು. ಅವರ ತಂದೆ ಎತ್ತಿನ ಗಾಡಿ ಕಟ್ಟುತ್ತಿದ್ದ ಬಡಗಿ. ಇವರು ಮರ ಬಿಟ್ಟು ಕಬ್ಬಿಣಕ್ಕೆ ಬಂದವರು. ನಾನು ಅಚ್ಚು ಎಲ್ಲಿ ಕೂರಬೇಕೆಂದು ಕೇಳಿದೆ.

“ಮೇಷ್ಟ್ರೇ, ನಮ್ಮಪ್ಪ ಎತ್ತಿನ ಕುತ್ತಿಗೆ ನೋಡಿ ಗಾಡಿ ಕಟ್ತಿದ್ದ. ನಾನು ಟ್ರಾಕ್ಟರಿನ ಮುಂದಿನ ಚಕ್ರ ನೋಡಿ ಕಟ್ತೀನಿ. ಲೆಕ್ಕ ಅದೇ, ಕಬ್ಬಿಣ ಬೇರೆ ಅಷ್ಟೆ” ಎಂದರು.

ಆ ಲೆಕ್ಕ ಇಂತಹದು. ಎರಡು ಚಕ್ರದ ಗಾಡಿಯಲ್ಲಿ ಭಾರವು ಅಚ್ಚಿನ ಮೇಲೆ ಕುಳಿತು, ಸ್ವಲ್ಪಮಾತ್ರ ಮುಂದಕ್ಕೆ ವಾಲಿರಬೇಕು. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗದ ಹಗ್ಗ ಎತ್ತುಗಳ ಗಂಟಲನ್ನು ಒತ್ತುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಎತ್ತು ತನ್ನ ಸಂಕಟವನ್ನು ನಡಿಗೆಯಲ್ಲಿ ಹೇಳಿಕೊಳ್ಳುತ್ತದೆ. ಟ್ರಾಕ್ಟರು ಹೇಳಿಕೊಳ್ಳುವ ವೇಳೆಗೆ ಕೆಲಸ ಕೆಟ್ಟಿರುತ್ತದೆ. ಕೊಂಡಿಯ ಮೇಲೆ ಭಾರ ಅತಿಯಾದರೆ ಮುಂದಿನ ಚಕ್ರಗಳು ಹಗುರವಾಗಿ, ಏರಿನಲ್ಲಿ ನೆಲ ಬಿಟ್ಟು, ಚುಕ್ಕಾಣಿ ತಿರುಗಿಸಿದರೂ ಗಾಡಿ ತಿರುಗದು. ಭಾರ ಹಿಂದೆ ಸರಿದರೆ ಕೊಂಡಿ ಮೇಲೆಳೆಯುತ್ತದೆ. ಟ್ರಾಕ್ಟರಿನ ದೊಡ್ಡ ಚಕ್ರಗಳ ಹಿಡಿತ ಸಡಿಲುತ್ತದೆ, ಟ್ರೇಲರು ಹಾವಿನ ಬಾಲದಂತೆ ಆಡತೊಡಗುತ್ತದೆ. ನಾಲ್ಕು ಚಕ್ರದ ಟ್ರೇಲರಿಗೆ ಈ ತೊಡಕಿಲ್ಲ, ತನ್ನ ಭಾರವನ್ನು ತಾನೇ ಹೊರುತ್ತದೆ. ಆದರೆ ಅದನ್ನು ಹಿಮ್ಮೆಟ್ಟಿಸುವ ಕಷ್ಟವನ್ನು ಚಾಲಕರ ಬಾಯಿಂದಲೇ ಕೇಳಬೇಕು. ಹಿಂದೆ ಗಾಡಿಯ ಜೀವ ಒಂದು ಕಡಾಣಿಯಲ್ಲಿತ್ತು. ಈಗ ಕೊಂಡಿಯ ಪಿನ್ನಿನಲ್ಲಿದೆ. ಆ ಪಿನ್ನು ಮೇಲಕ್ಕೆ ಜಿಗಿಯದಂತೆ ಕೆಳಗೆ ಒಂದು ಸಣ್ಣ ಕೀಲು ಹಾಕಬೇಕು, ಅದೂ ಮುರಿದರೆಂದು ಒಂದು ಸರಪಳಿಯನ್ನೂ ಬಿಗಿಯಬೇಕು. ದಾರಿಯಲ್ಲಿ ನಾನು ಎಣಿಸಿದ ಟ್ರೇಲರುಗಳಲ್ಲಿ ಸರಪಳಿಯಿದ್ದವು ಕಡಿಮೆ.

ಇಟ್ಟಿಗೆ ಒಂದಕ್ಕೆ ಸುಮಾರು 3 ಕಿಲೋ. ಸಾವಿರ ಇಟ್ಟಿಗೆಯೆಂದರೆ 3 ಟನ್ನು. ಇಟ್ಟಿಗೆಗೆ ಬಿಸಿಲು, ಕುಲುಕಾಟಗಳ ಭಯವಿಲ್ಲ. ಆದುದರಿಂದ ಮಾಲೂರಿನ ಟ್ರೇಲರಿಗೆ ಮುಚ್ಚಳ ಬೇಕಿಲ್ಲ. ಮುಚ್ಚಳದ ಪ್ರಶ್ನೆ ಏಳುವುದು ಕೋಲಾರಕ್ಕೆ ಬಂದ ಮೇಲೆ.

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ಟೊಮ್ಯಾಟೊಗೆ ದೇಶದಲ್ಲಿಯೇ ಹೆಸರಾದುದು. ಇಲ್ಲಿ ಹಣ್ಣಿನ ಅಳತೆ 15 ಕಿಲೋಗ್ರಾಮಿನ ಕ್ರೇಟು. 200 ಕ್ರೇಟು ಏರಿಸಿದರೆ ಅದೇ 3 ಟನ್ನು. ಆದರೆ ಈ 3 ಟನ್ನಿಗೆ ಜೀವವಿದೆ. 2023ರ ಜುಲೈ ತಿಂಗಳಿನಲ್ಲಿ ಒಂದು ಕ್ರೇಟಿನ ಬೆಲೆ ಎರಡು ಸಾವಿರ ರೂಪಾಯಿಗಳನ್ನು ದಾಟಿತ್ತು. ಆಗ ಒಂದು ಟ್ರೇಲರಿನ ಹಿಂದೆ ನಾಲ್ಕು ಲಕ್ಷಕ್ಕೂ ಮೀರಿದ ಸರಕು ಬರುತ್ತಿತ್ತೆಂದಾಯಿತು. ಕ್ರೇಟುಗಳ ಗೋಡೆಯಲ್ಲಿ ಕಂಡಿಗಳಿರುವುದರಿಂದ ಗಾಳಿಯಾಡುತ್ತದೆ, ಸರಿಯಾಗಿ ಪೇರಿಸಿದರೆ ಒಂದರ ಭಾರ ಇನ್ನೊಂದರ ಹಣ್ಣಿನ ಮೇಲೆ ಬೀಳುವುದಿಲ್ಲ. ಹಗ್ಗವನ್ನು ಮಾತ್ರ ಬಿಗಿಯಬೇಕು. ಮೇಲೊಂದು ಟಾರ್ಪಾಲು ಸಾಕು.

ಪೂರ್ಣವಾಗಿ ಮುಚ್ಚಿದ ಟ್ರೇಲರೊಂದು ಈ ಜಿಲ್ಲೆಯಲ್ಲಿದೆ. ಅದು ನೀರಿನ ಟ್ಯಾಂಕರು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕೊಳವೆ ಬಾವಿಗಳು ಸಾವಿರ ಅಡಿಗಳಾಚೆಗೆ ಇಳಿದಿವೆ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದ ಮೇಲೆ ಕೆರೆಗಳು ತುಂಬಿವೆ. ಕುಡಿಯುವ ನೀರಿಗೆ ಟ್ಯಾಂಕರು ಇನ್ನೂ ಓಡಾಡುತ್ತಿದೆ. 5,000 ಲೀಟರ್ ಎಂದರೆ 5 ಟನ್ನು. ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದು ಹೆಚ್ಚು ಅಪಾಯಕರ. ಬ್ರೇಕು ಒತ್ತಿದೊಡನೆ ಒಳಗಿನ ನೀರು ಅಲೆಯಾಗಿ ಮುಂದಕ್ಕೆ ನುಗ್ಗಿ ಟ್ರಾಕ್ಟರನ್ನು ತಳ್ಳುತ್ತದೆ. ಇದನ್ನು ತಡೆಯಲು ಒಳಗೆ ತೂತುಗಳಿರುವ ಅಡ್ಡ ತಗಡುಗಳನ್ನು ಬೆಸೆಯಬೇಕು. ಹಣ ಉಳಿಸಲೆಂದು ಅದನ್ನು ಬಿಟ್ಟುಬಿಡುವವರುಂಟು. ಹೊರಗಿನಿಂದ ನೋಡುವವರಿಗೆ ಎರಡೂ ಟ್ಯಾಂಕರುಗಳು ಒಂದೇ.

ಕೋಲಾರದಿಂದ ಶ್ರೀನಿವಾಸಪುರಕ್ಕೆ ಸುಮಾರು 25 ಕಿಲೋಮೀಟರು. ದಾರಿಯ ಎರಡು ಬದಿಗಳಲ್ಲಿಯೂ ಮಾವಿನ ತೋಪುಗಳು. ಮೇ ತಿಂಗಳಿನಿಂದ ಜುಲೈವರೆಗೆ ಈ ಊರಿನಲ್ಲಿ ಮಾವಿನ ಹೊರತು ಬೇರೆ ಮಾತಿಲ್ಲ. ಆ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುವುದೂ ಉಂಟು. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ. ಬಾದಾಮಿ ದೊರೆಸಾನಿಯಂತೆ ಕ್ರೇಟಿನಲ್ಲಿ ಹೋಗಬೇಕು. ತೋತಾಪುರಿ ಗಟ್ಟಿ ಚರ್ಮದ ಜಾತಿ. ಅದು ಟ್ರೇಲರಿನಲ್ಲಿ ರಾಶಿಯಾಗಿ ಹೋಗುತ್ತದೆ. ಹೋಗಿ ಸೇರುವುದು ರಸ ತೆಗೆಯುವ ಕಾರ್ಖಾನೆಗಳನ್ನು.

ಮಾವಿಗಾಗಿ ಟ್ರೇಲರನ್ನು ಸಿದ್ಧಗೊಳಿಸುವುದನ್ನು ಒಂದು ತೋಪಿನಲ್ಲಿ ಮಧ್ಯಾಹ್ನವೆಲ್ಲ ನಿಂತು ನೋಡಿದೆ. ಮೊದಲು ತಳವನ್ನು ಗುಡಿಸಿದರು. ಹಿಂದಿನ ಬಾರಿಯ ಕಲ್ಲು, ಮೊಳೆ ಒಂದೂ ಉಳಿಯಬಾರದು. ಪಕ್ಕದ ತಗಡುಗಳ ಮೇಲೆ ಇನ್ನೊಂದು ಅಡಿ ಎತ್ತರಕ್ಕೆ ಹಲಗೆಗಳನ್ನು ನಿಲ್ಲಿಸಿ ಬಿಗಿದರು. ಅನಂತರ ಗೇಣುದ್ದ ಹುಲ್ಲಿನ ಹಾಸಿಗೆ, ಗೋಡೆಗಳಿಗೂ ಹುಲ್ಲಿನ ಒತ್ತು. ಕಾಯಿಗಳನ್ನು ಸುರಿಯಲಿಲ್ಲ, ಮಂಕರಿಯಿಂದ ಜಾರಿಸಿದರು. ತೊಟ್ಟು ಮುರಿದ ಕಾಯಿಯಿಂದ ಸೊನೆ ಸೋರಿ ಪಕ್ಕದ ಕಾಯಿಯ ಸಿಪ್ಪೆಯನ್ನು ಸುಡುತ್ತದೆ. ಅಂತಹವನ್ನು ಹೆಂಗಸರು ಆರಿಸಿ ಬೇರೆಯಿಟ್ಟರು. ರಾಶಿಯನ್ನು ಮೊದಲು ಅಚ್ಚಿನ ಮೇಲೆ ಕಟ್ಟಿ, ಆಮೇಲೆ ಮುಂದೆ, ಕಡೆಗೆ ಹಿಂದೆ ತುಂಬಿದರು. ಮಾಲೂರಿನ ಯಜಮಾನರ ಲೆಕ್ಕವನ್ನು ಇಲ್ಲಿ ಯಾರೂ ಬಾಯಲ್ಲಿ ಹೇಳಲಿಲ್ಲ, ಕೈಗೆ ಅದು ತಿಳಿದಿತ್ತು.

ಕೊನೆಗೆ ಕಬ್ಬಿಣದ ಕಮಾನುಗಳನ್ನು ಏರಿಸಿ ಟಾರ್ಪಾಲು ಹೊದಿಸಿದರು. ಹಿಂಭಾಗದಲ್ಲಿ ಮೊಳದಷ್ಟು ಜಾಗವನ್ನು ತೆರೆದೇ ಬಿಟ್ಟರು. ಕೇಳಿದ್ದಕ್ಕೆ, “ಉಸಿರಾಡಬೇಡವೇ ಸಾರ್?” ಎಂದ ಹುಡುಗನ ಮಾತು ಅಕ್ಷರಶಃ ಸತ್ಯ. ಕಿತ್ತ ಮಾವು ಉಸಿರಾಡುತ್ತಲೇ ಇರುತ್ತದೆ. ಶಾಖವನ್ನೂ, ಎಥಿಲೀನ್ ಎಂಬ ಅನಿಲವನ್ನೂ ಹೊರಬಿಡುತ್ತದೆ. ಆ ಅನಿಲ ನೆರೆಯ ಕಾಯಿಗಳನ್ನು ಹಣ್ಣಾಗಿಸುತ್ತದೆ, ಹಣ್ಣಾದವು ಇನ್ನೂ ಹೆಚ್ಚು ಶಾಖ ಬಿಡುತ್ತವೆ. ಬಿಗಿಯಾಗಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದರೆ ರಾಶಿಯ ನಡುವಿನದು ಬೆಂದುಹೋಗುತ್ತದೆ. ಮುಚ್ಚದಿದ್ದರೆ ಮುಂಗಾರಿನ ಮೊದಲ ಮಳೆ ಕೊಳೆಯಿಸುತ್ತದೆ. ಇವೆರಡರ ನಡುವಣ ಮೊಳದಷ್ಟು ಜಾಗದಲ್ಲಿ ರೈತನ ವರ್ಷದ ಬೆಳೆ ಕುಳಿತಿರುತ್ತದೆ.

ಅಲ್ಲಿಂದ ಮುಳಬಾಗಿಲಿಗೆ ಬಂದೆ. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರು. ದೋಸೆಯ ಕೀರ್ತಿ ವಾಚಕರಿಗೆ ಗೊತ್ತಿರುವುದೇ. ನಾನು ಎರಡು ತಿಂದೆ. ಚೆನ್ನೈ ಕಡೆಗೆ ಹೋಗುವ ಹೆದ್ದಾರಿ ಇಲ್ಲಿ ಅಗಲವಾಗಿದೆ, ಟ್ರೇಲರಿಗೆ ಅದೇ ಕಂಟಕ. ಕಾರುಗಳು ಬಾಣದಂತೆ ಬರುವ ದಾರಿಯಲ್ಲಿ ಇದು ಆಮೆಯಂತೆ ಸಾಗಬೇಕು. ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರು ರಾತ್ರಿಯಲ್ಲಿ ರಸ್ತೆಯ ಮೇಲೆ ನಿಲ್ಲಿಸಿದ ಗೋಡೆಯೇ ಸರಿ. ಇಳಿಜಾರಿನಲ್ಲಿ, ಏರುವಾಗ ಹಾಕಿದ ಗೇರಿನಲ್ಲಿಯೇ ಇಳಿಯಬೇಕು. ಹೊಲದಲ್ಲಿ ತಿರುಗಲು ಅನುಕೂಲವಾಗಲೆಂದು ಟ್ರಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬ್ರೇಕು ಇರುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಕೊಕ್ಕೆ ಹಾಕದೆ ಒಂದನ್ನೇ ಒತ್ತಿದರೆ ಟ್ರಾಕ್ಟರು ಒಂದೆಡೆಗೆ ತಿರುಗುತ್ತದೆ, ಹಿಂದಿನ 3 ಟನ್ನು ನೆಟ್ಟಗೆ ನುಗ್ಗುತ್ತದೆ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಈ ಬಾಗಿಲಿನಾಚೆ, ನಂಗಲಿಯ ಗಡಿ ದಾಟಿದರೆ ಚಿತ್ತೂರಿನ ಸೀಮೆ, ಮಾವಿನ ರಸದ ಕಾರ್ಖಾನೆಗಳ ನಾಡು. ಶ್ರೀನಿವಾಸಪುರದ ತೋತಾಪುರಿಯ ದೊಡ್ಡ ಪಾಲು ವರ್ಷವರ್ಷವೂ ಅಲ್ಲಿಗೆ ಹೋಗುತ್ತಿತ್ತು. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ಪ್ರವೇಶವಿಲ್ಲವೆಂದು ಆಜ್ಞೆ ಹೊರಡಿಸಿತು. ಅಲ್ಲಿಯೂ ಬೆಲೆ ಕುಸಿದಿತ್ತು, ತಮ್ಮ ರೈತರನ್ನು ಅವರು ನೋಡಿಕೊಂಡರು. ಅದರಲ್ಲಿ ಅಸಹಜವಾದುದೇನೂ ಇಲ್ಲ. ಆದರೆ ಗಡಿಯ ಠಾಣೆಗಳಲ್ಲಿ ತಡೆದ ಗಾಡಿಗಳೊಳಗಿನ ಕಾಯಿ ಆಜ್ಞೆ ತಿಳಿಯದೆ ಉಸಿರಾಡುತ್ತಲೇ ಇತ್ತು. ಕರ್ನಾಟಕದ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಶ್ರೀನಿವಾಸಪುರದಲ್ಲಿ ಬೆಳೆಗಾರರು ಬೀದಿಗಿಳಿದರು. ಮುಂದೆ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 1,616 ರೂಪಾಯಿಯ ದರವನ್ನು ಗೊತ್ತುಪಡಿಸಿ, ಎರಡೂವರೆ ಲಕ್ಷ ಟನ್ನುಗಳವರೆಗೆ ಕೊರತೆಯನ್ನು ಒಂದು ಮಿತಿಯೊಳಗೆ ತುಂಬಿಕೊಡಲು ಒಪ್ಪಿತು. ಮರದಲ್ಲಿದ್ದ ಕಾಯಿಗೆ ಅದರಿಂದ ಉಪಕಾರವಾಯಿತು. ಟಾರ್ಪಾಲಿನ ಕೆಳಗಿದ್ದ ಕಾಯಿಯ ಮಾತು ಬೇರೆ.

ನಂಗಲಿಯ ಹತ್ತಿರದ ಚಹದ ಅಂಗಡಿಯಲ್ಲಿ, ಆ ಜೂನ್ ತಿಂಗಳಿನಲ್ಲಿ ತೋತಾಪುರಿ ತುಂಬಿಕೊಂಡು ಗಡಿಯವರೆಗೆ ಹೋಗಿ ಬಂದ ಚಾಲಕನೊಬ್ಬ ಸಿಕ್ಕಿದ. ತುಂಬಿದ ಟ್ರೇಲರನ್ನು ಹಿಂದಕ್ಕೆ ತಿರುಗಿಸುವ ಬಗೆಯನ್ನು ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣಗಳನ್ನು ಜೋಡಿಸಿ ತೋರಿಸಿದ. ಟ್ರೇಲರು ಎಡಕ್ಕೆ ಹೋಗಬೇಕಾದರೆ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಬೇಕು. ಅದು ವಾಲತೊಡಗಿದೊಡನೆ ಬೇಗನೆ ಎಡಕ್ಕೆ ತಂದು ಅದನ್ನು ಹಿಂಬಾಲಿಸಬೇಕು, ತಡವಾದರೆ ಎರಡೂ ಮಡಿಸಿಕೊಂಡು ನಿಲ್ಲುತ್ತವೆ. ಅಂದು ರಾತ್ರಿ ಮೂರು ಸಾರಿ ಮುಂದೆ ಹಿಂದೆ ಮಾಡಿ ತಿರುಗಿಸಿದನಂತೆ. ಬಾಡಿಗೆ ಏನಾಯಿತೆಂದು ಕೇಳಿದೆ.

“ಹೋಗೋ ಬಾಡಿಗೆ ರೈತಂದು ಸ್ವಾಮಿ. ಬರೋ ಬಾಡಿಗೆ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಡೀಸೆಲ್ ದುಡ್ಡು ಮಾತ್ರ ತಗೊಂಡೆ” ಎಂದು ಹೇಳಿ, ಬೆಂಕಿಪೊಟ್ಟಣಗಳಲ್ಲಿ ಒಂದನ್ನು ಅಂಗಡಿಯವನಿಗೆ ಹಿಂದಿರುಗಿಸಿದ.