ಬಿದ್ದದ್ದಲ್ಲ, ಜಾರಿದ್ದು ಅಷ್ಟೇ

ಆಸಾಡಿ ಮಳೆಗೆ ಅಮಾಸೆಬೈಲಿನ ನಮ್ಮ ಮನೆ ಅಂಗಳ ಪೂರ್ತಿ ಪಾಚಿ. ಜಾರಬಾರದು ಅಂತ ಅಡಿಕೆ ದಬ್ಬೆ ಹಾಸಿರ್ತಾರೆ. ಕಳೆದ ಮಳೆಗಾಲ ರಜೆಯಲ್ಲಿ ಹೋದಾಗ, 78ರ ಅಮ್ಮಮ್ಮ ಅದರ ಮೇಲೆ ಕೊಟ್ಟಿಗೆಗೆ ಹೋಗೋದನ್ನ ಜಗಲಿಯಲ್ಲಿ ಕೂತು ನೋಡಿದೆ. ಒಂದು ಕೈ ಗೋಡೆ ಬಿಡುತ್ತಲೇ ಇರಲಿಲ್ಲ. ದಿನಾ ಫೋನಲ್ಲಿ ಮಾತಾಡ್ತೇವೆ, ಆ ಕೈ ಮಾತ್ರ ಫೋನಲ್ಲಿ ಕಂಡಿರಲಿಲ್ಲ.

"ಅಮ್ಮಮ್ಮ, ಈ ವರ್ಷ ಎಲ್ಲಾದ್ರೂ ಬಿದ್ದಿದ್ಯಾ?"

"ಇಲ್ಲ ಮಗಾ, ನಾ ಎಲ್ಲಿ ಬೀಳೂದ್?"

ವರ್ಷದೊಳಗೆ ಬಿದ್ದಿದ್ದೀರಾ, ನಡೆಯುವಾಗ ಆಯ ತಪ್ಪಿದ ಹಾಗಾಗುತ್ತಾ, ಬೀಳುವ ಹೆದರಿಕೆ ಇದೆಯಾ: ವಯಸ್ಸಾದವರಿಗೆ ವೈದ್ಯರು ಕೇಳುವ ಮೂರು ಪ್ರಶ್ನೆ. ಒಂದಕ್ಕೆ ಹೌದು ಅಂದರೂ ಮುಂದಿನ ಪರೀಕ್ಷೆ ಬೇಕು. ಅಮ್ಮಮ್ಮ ಮೂರಕ್ಕೂ ಇಲ್ಲ ಅಂದಳು.

ಸಂಜೆ ಚಾ ಕುಡಿಯುವಾಗ ಪದ ಬದಲಿಸಿದೆ. ಜಾರಿದ್ದುಂಟಾ?

"ಅದಾ! ಬಚ್ಚಲಲ್ಲ್ ಒಂದ್ಸಲ. ಹೊಸ್ಲ್ ಎಡವಿ ಒಂದ್ಸಲ. ರಾತ್ರಿ ಎದ್ದಾಗ ತಲೆ ತಿರ್ಗಿ ಮಂಚದ ಬುಡದಲ್ಲೇ ಕೂತ್ಕಂಡೆ. ಅದೆಲ್ಲ ಬಿದ್ದದ್ದಾ?"

ಅವಳ ಲೆಕ್ಕದಲ್ಲಿ ಮೂಳೆ ಮುರಿದರೆ ಮಾತ್ರ ಬಿದ್ದದ್ದು. ಆಮೇಲೆ ಸಣ್ಣ ದನಿಯಲ್ಲಿ, "ಬಿದ್ದೆ ಅಂದ್ರೆ ನೀವ್ ನನ್ನ್ ಬೆಂಗ್ಳೂರಿಗೆ ಕರ್ಕಂಡ್ ಹೋತ್ರಿ" ಅಂದಳು. ಮನೆಯಲ್ಲಿ ಆಗಲೇ ಆ ಮಾತು ಬಂದಿತ್ತು. ಕರ್ಕೊಂಡು ಹೋಗಲ್ಲ, ಆದ್ರೆ ಮುಚ್ಚಿಡಬೇಡ ಅಂತ ಮಾತು ಕೊಟ್ಟೆ. ಅಪ್ಪ-ಅಮ್ಮನ್ನ ಕೇಳದೇ ಕೊಟ್ಟ ಮಾತು.

ಮರುದಿನ ಜಗಲಿಯಲ್ಲಿ 3 ಮೀಟರ್ ಅಳೆದು ಗೆರೆ ಎಳೆದೆ. ಕುರ್ಚಿಯಿಂದ ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆ ಮುಟ್ಟಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಹಿಡಿದರೆ ಬೀಳುವ ಅಪಾಯ ಇದೆ ಅಂತರ್ಥ. "ಕಂಬಳದ ಕೋಣ ಓಡ್ಸಿದಂಗ್ ಓಡ್ಸ್ತ್ಯಲ್ಲಾ" ಅಂತ ನಗುತ್ತಾ ಎದ್ದಳು. ನಾನು ಪಕ್ಕದಲ್ಲೇ ನಡೆದೆ. 17 ಸೆಕೆಂಡ್. ತಿರುಗುವಲ್ಲೇ ಹೆಚ್ಚು ಹೊತ್ತು ಹೋಯ್ತು.

ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು. ಮಾತ್ರೆ ಬದಲಾಯಿತು.

ಎ.ಜಿ. ಕೊಡ್ಗಿಯವರ ಪ್ರಯತ್ನದಿಂದ ಸೋಲಾರ್ ಗ್ರಾಮ ಅಂತ ಹೆಸರಾದ ಊರು ನಮ್ಮದು. ಮನೆಯೊಳಗೆ ದೀಪ ಇತ್ತು, ಬಚ್ಚಲಿಗೆ ಹೋಗುವ ದಾರಿಯಲ್ಲಿ ಮಾತ್ರ ಕತ್ತಲೆ. ಅಲ್ಲೊಂದು ದೀಪ, ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ವಿ. ಹೊಸಿಲು ತೆಗೆಸೋಕೆ ಸುತಾರಾಂ ಒಪ್ಪಲಿಲ್ಲ. ದಪ್ಪಗೆ ಶೇಡಿ ಎಳೆದರೆ ರಾತ್ರಿಯೂ ಕಾಣ್ತದೆ ಅಂತ ಉಪಾಯ ಅವಳೇ ಹೇಳಿದಳು.

ಈಗ ಫೋನಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ, ಜಾರಿದ್ಯಾ ಅಂತ ಕೇಳ್ತೇನೆ.

"ನಿನ್ನೆ ಒಂಚೂರ್. ಗೋಡೆ ಸಿಕ್ತ್."